ಡಬ್ಬಿಯದೇ ತಪ್ಪು

ಮನುಷ್ಯನ ಕಿವಿಯೂ ಅವನ ಕಾರಿನ ಸ್ಪೀಕರೂ ಒಂದೇ ದಿನ ಕೆಡುವುದಿಲ್ಲ. ಆದರೆ ಯಾವುದು ಕೆಟ್ಟರೂ ದೂರು ಮಾತ್ರ ಸ್ಪೀಕರಿನ ಮೇಲೆಯೇ ಬರುತ್ತದೆ. ಕಾರುಗಳಿಗೆ ಟೇಪ್ ರೆಕಾರ್ಡರ್ ಕೂರಿಸುವ ಅಂಗಡಿಯೊಂದರಲ್ಲಿ ನಾನು ಕಳೆದ ಮೂರು ವರ್ಷಗಳಲ್ಲಿ ಇದು ತಿಂಗಳಿಗೊಮ್ಮೆಯಾದರೂ ತಪ್ಪದೆ ನಡೆಯುತ್ತಿತ್ತು. ಆಗ ನನಗೆ ನಗು ಬರುತ್ತಿರಲಿಲ್ಲ. ಭೌತಶಾಸ್ತ್ರದಲ್ಲಿ ಪ್ರಥಮ ದರ್ಜೆ ಪಡೆದು, ಎರಡು ವರ್ಷ ಅರ್ಜಿಗಳನ್ನು ಬರೆದು, ಕೊನೆಗೆ ದಿನಾ ಬೆಳಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಆಂಡರ್ಸನ್‌ಪೇಟೆಗೆ ಹೋಗಿ ಕಂಡವರ ಕಾರಿನ ಸೀಟಿನ ಕೆಳಗೆ ತಲೆ ತೂರಿಸುವವನಿಗೆ ಲೋಕದಲ್ಲಿ ಯಾವುದೂ ತಮಾಷೆಯಾಗಿ ಕಾಣುವುದಿಲ್ಲ. ಕೋಪ ಈಗಲೂ ಇದೆ. ಅದರ ವಿಳಾಸ ಮಾತ್ರ ಬದಲಾಗಿದೆ.

ಸಂದರ್ಶನ

ಅಂಗಡಿಯ ಮಾಲೀಕರು ಚಿನ್ನದ ಗಣಿಯ ಕೆಲಸ ಬಿಟ್ಟು ವ್ಯಾಪಾರಕ್ಕೆ ಇಳಿದವರು. ಐವತ್ತರ ಆಸುಪಾಸು. ಕನ್ನಡದಲ್ಲಿ ಮಾತು ಶುರುಮಾಡಿ, ತೆಲುಗಿನಲ್ಲಿ ಯೋಚಿಸಿ, ತಮಿಳಿನಲ್ಲಿ ಬೈಯುತ್ತಿದ್ದರು. ನನ್ನ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಬಿ.ಎಸ್ಸಿ. ಅಂದ್ರೆ ರೇಡಿಯೋ ಬಿಚ್ತೀಯಾ ತಂಬಿ?”

“ಸಿದ್ಧಾಂತ ಗೊತ್ತು.”

“ಸಿದ್ಧಾಂತಕ್ಕೆ ಸ್ಕ್ರೂ ಎಷ್ಟಿರ್ತೈತೆ?”

ಅವರು ಸಾಬೂನಿನ ಗಾತ್ರದ ಕಪ್ಪು ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, “ಇದೇನು ಅಂತ ಏಳು” ಎಂದರು.

ಅದು ಕ್ರಾಸ್‌ಓವರ್. ಒಳಗೆ ಒಂದು ತಾಮ್ರದ ಸುರುಳಿ, ಒಂದು ಕಂಡೆನ್ಸರ್. ಸುರುಳಿಯು ದಪ್ಪ ಶಬ್ದವನ್ನು ಬಿಟ್ಟುಕೊಂಡು ದೊಡ್ಡ ಸ್ಪೀಕರಿಗೆ ಕಳಿಸುತ್ತದೆ. ಕಂಡೆನ್ಸರ್ ಸಣ್ಣ, ಚೂಪು ಶಬ್ದವನ್ನು ಮಾತ್ರ ಬಿಟ್ಟುಕೊಂಡು ಟ್ವೀಟರ್ ಎಂಬ ಪುಟ್ಟ ಸ್ಪೀಕರಿಗೆ ಕಳಿಸುತ್ತದೆ. ಐದಾರು ಬೇಸಿಗೆ ಕಾರಿನ ಶಾಖದಲ್ಲಿ ಬೆಂದರೆ ಕಂಡೆನ್ಸರ್ ಒಣಗುತ್ತದೆ, ಟ್ವೀಟರ್ ಮೂಕವಾಗುತ್ತದೆ. ಇಷ್ಟನ್ನೂ ಹೇಳಿ, ಸಾಲದೆಂದು ಸೀಮೆಸುಣ್ಣ ಕೇಳಿ ಪಡೆದು, ನೆಲದ ಮೇಲೆ ಸೂತ್ರ ಬರೆದು, ಹತ್ತು ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ಹಾಕಿದರೆ ಟ್ವೀಟರಿನ ಪಾಳಿ ಸೆಕೆಂಡಿಗೆ ನಾಲ್ಕು ಸಾವಿರ ಕಂಪನದಿಂದ ಶುರುವಾಗುತ್ತದೆಂದು ಲೆಕ್ಕ ಮಾಡಿ ತೋರಿಸಿದೆ. ಹತ್ತು ನಿಮಿಷ ಹಿಡಿಯಿತು. ಅವರು ಒಮ್ಮೆಯೂ ಅಡ್ಡ ಮಾತಾಡಲಿಲ್ಲ.

“ಆಯ್ತಾ?”

“ಆಯಿತು.”

“ನಾವು ಇದನ್ನ ಡಬ್ಬಿ ಅಂತೀವಿ. ನಾಳೆಯಿಂದ ಬಾ. ಬರ್ತಾ ನೆಲ ಒರ್ಸೋಕೆ ಒಂದು ಬಟ್ಟೆ ತಾ.”

ಕ್ಯಾಸಂಬಳ್ಳಿಯ ಜೀಪು

ನಾನು ಸ್ವತಂತ್ರವಾಗಿ ಬದಲಾಯಿಸಿದ ಮೊದಲ ಡಬ್ಬಿ ಕ್ಯಾಸಂಬಳ್ಳಿಯ ತರಕಾರಿ ವ್ಯಾಪಾರಿಯೊಬ್ಬರದು. ಜೀಪಿನ ಹಿಂದೆ ಟೊಮೆಟೊ ಕ್ರೇಟುಗಳು, ಮುಂದೆ ಭಕ್ತಿಗೀತೆ. ವೈರು ಸಡಿಲವಾಗಿದೆಯೆಂದು ಬಂದಿದ್ದರು. ನೋಡಿದರೆ ಕಂಡೆನ್ಸರ್ ಒಣಗಿ ಸಿಪ್ಪೆಯಾಗಿತ್ತು. ಕೇಳದೆಯೇ ಹೊಸ ಡಬ್ಬಿ ಹಾಕಿದೆ. ಟೇಪು ಹಚ್ಚಿದೊಡನೆ ಗೆಜ್ಜೆ, ತಾಳ, ಗಿಲಕಿ ಎಲ್ಲವೂ ಗಾಜಿನಷ್ಟು ಸ್ಪಷ್ಟವಾಗಿ ಬಂದವು. ಶಹಭಾಸ್‌ಗಿರಿಗಾಗಿ ಕಾದು ನಿಂತೆ.

“ಇವ್ನ್ಯಾರು?” ಎಂದರು ವ್ಯಾಪಾರಿ.

“ಯಾರು?”

“ಈ ಗಿಲಕಿ ಆಡಿಸ್ತಾ ಇರೋನು.”

“ಅವನು ಮೊದಲಿನಿಂದಲೂ ಹಾಡಿನಲ್ಲಿದ್ದಾನೆ.”

“ಎಲ್ಲಿದ್ದ? ಆರು ವರ್ಷದಿಂದ ಇದೇ ಕ್ಯಾಸೆಟ್ ಕೇಳ್ತಾ ಇವ್ನಿ. ಇವನ ಸುದ್ದೀನೇ ಇರ್ಲಿಲ್ಲ.”

ತೂಕದಲ್ಲಿ ಮೋಸ ಹುಡುಕುವವರ ಗಾಂಭೀರ್ಯದಿಂದ ಹಾಡನ್ನು ಕೊನೆಯವರೆಗೆ ಕೇಳಿದರು. “ದೇವ್ರ ಹೆಸರು ಬಂದಾಗೆಲ್ಲ ಮಧ್ಯಕ್ಕೆ ಬತ್ತಾನೆ ಕಣಪ್ಪಾ. ತೆಗ್ದಾಕು ಇವನ್ನ.”

ಇದೇ ಸರಿಯಾದ ಶಬ್ದ, ಇಷ್ಟು ದಿನ ಕೇಳಿದ್ದು ದೋಷಯುಕ್ತ ಶಬ್ದ ಎಂದು ನಾನು ಹೇಳಿದೆ. ನನ್ನ ಧ್ವನಿ ಸ್ವಲ್ಪ ಏರಿದ್ದಿರಬಹುದು.

“ಸರೀನೇ ಇರ್ಬೋದು. ನಂಗೆ ಬೇಡ. ಈ ವಯಸ್ಸಲ್ಲಿ ಹೊಸಬರ ಪರಿಚಯ ಯಾಕೆ?”

ಕೆಟ್ಟ ಡಬ್ಬಿಯನ್ನು ನನ್ನ ಕೈಯಾರೆ ಮತ್ತೆ ಅದರ ಸ್ಥಾನದಲ್ಲಿ ಕೂರಿಸಿದೆ. ಹೊರಡುವಾಗ ಅವರು ಹೊಸ ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟು, ಮನೆಗೆ ಬಂದ ನೆಂಟನನ್ನು ಪಕ್ಕದ ಮನೆಗೆ ಸಾಗಹಾಕುವ ದನಿಯಲ್ಲಿ ಹೇಳಿದರು: “ಆ ಗಿಲಕಿಯೋನು ಬೇಕು ಅಂತ ಯಾರಾದ್ರೂ ಬಂದ್ರೆ ಕೊಡು. ಪಾಪ, ಒಳ್ಳೇವ್ನೇ.”

ಬೇಕೆಂದು ಬಂದವರು

ಹಾಗೆ ಬೇಕೆಂದವರು ಆಗಲೇ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಮೈಸೂರು ಮೈನ್ಸ್ ಗಣಿಯ ಕಾರ್ಮಿಕರ ಸಾಲಿನ ಲೈನುಮನೆಯೊಂದರಲ್ಲಿ ವಾಸವಾಗಿದ್ದ ಟ್ಯಾಕ್ಸಿ ಚಾಲಕರು. ಹದಿನೆಂಟು ವರ್ಷ ನೆಲದಡಿ ಬಂಡೆ ಕೊರೆಯುವ ಯಂತ್ರ ಹಿಡಿದು, ಕೊನೆಯ ನಾಲ್ಕು ವರ್ಷ ಗಣಿಯೊಳಗೆ ಜನರನ್ನು ಇಳಿಸಿ ಹತ್ತಿಸುವ ಕೇಜ್ ಎಂಬ ಲಿಫ್ಟಿನ ಸಂಜ್ಞೆಯ ಗಂಟೆ ನೋಡಿಕೊಂಡು, ಕೆಲಸ ಬಿಟ್ಟ ಮೇಲೆ ಹಳೆಯ ಅಂಬಾಸಿಡರ್ ಕೊಂಡವರು. ಜೀಪಿನ ಸಂಭಾಷಣೆಯನ್ನೆಲ್ಲ ಕೇಳಿಸಿಕೊಂಡಿದ್ದರು.

“ಆ ಗಿಲಕಿ ನಂಗೆ ಬೇಕು” ಎಂದರು.

ಅವರ ಬಳಿ ಒಂದೇ ಕ್ಯಾಸೆಟ್ ಇತ್ತು: ಅವರ ಲೈನಿನ ಭಜನಾ ತಂಡದವರು ತಾವೇ ಧ್ವನಿಮುದ್ರಿಸಿಕೊಂಡದ್ದು.

“ಇದ್ರಲ್ಲಿ ತಾಳ ಆಕಿರೋನು ನಾನೇ. ಮದ್ಲೆ ಕೇಳ್ತದೆ, ಆರ್ಮೋನಿ ಕೇಳ್ತದೆ, ನಾನೇ ಕೇಳ್ತಾ ಇಲ್ಲ. ಮನೆಯವ್ಳು ಮಾತ್ರ ತಾಳ ಚೆನ್ನಾಗೈತೆ ಅಂತಾಳೆ.”

“ಅವರು ಇದೇ ಕಾರಿನಲ್ಲಿ ಕೇಳಿದ್ದೇ?”

“ಇದ್ರಲ್ಲೇ.”

ಅದೇ ಕಾರಿನಲ್ಲಿ ಒಬ್ಬರಿಗೆ ಕೇಳಿಸಿ ಇನ್ನೊಬ್ಬರಿಗೆ ಕೇಳಿಸದಿದ್ದರೆ ದೋಷ ಎಲ್ಲಿರಬೇಕೆಂಬುದು ಪಿಯುಸಿ ವಿದ್ಯಾರ್ಥಿಗೂ ತಿಳಿಯುವ ಸಂಗತಿ. ಅದನ್ನು ಹೇಳಲು ಬಾಯಿ ತೆರೆದೆ. ಅವರೇ ಮುಂದುವರಿಸಿದರು: “ಅವ್ಳು ಇಂದ್ಗಡೆ ಸೀಟಲ್ಲಿ ಕೂತ್ಕೊತಾಳೆ. ಡಬ್ಬಿ ಇರೋದೂ ಅಲ್ಲೇ ಅಲ್ವಾ.”

ಬಳಿಕ ದನಿ ತಗ್ಗಿಸಿದರು. ಮುಂದಿನ ತಿಂಗಳು ಅವರ ಲೈಸೆನ್ಸ್ ನವೀಕರಣವಾಗಬೇಕಿತ್ತು. ವೈದ್ಯರು ಕಿವಿ ಪರೀಕ್ಷಿಸಿ ಪತ್ರ ಕೊಡಬೇಕಿತ್ತು. “ಡಬ್ಬಿ ಕೆಟ್ಟೈತೆ ಅಂತ ನೀನು ಏಳ್ಬುಟ್ರೆ ಸಾಕಪ್ಪಾ, ನೆಮ್ದಿಯಾಗಿ ಓಗ್ತೀನಿ. ನೆಲದ ಕೆಳಗಿನ ಕೆಲಸ ಮುಗೀತು. ಮೇಲಿನ್ದೂ ಮುಗಿದ್ರೆ ಇನ್ನೆಲ್ಲಿಗೆ ಓಗ್ಲಿ?”

ಡಬ್ಬಿ ಬಿಚ್ಚಿದೆ. ನಿಜಕ್ಕೂ ಕೆಟ್ಟಿತ್ತು, ಕಂಡೆನ್ಸರ್ ಉಬ್ಬಿ ಅಂಟು ಸುರಿಸಿತ್ತು, ಟ್ವೀಟರಿಗೆ ಕುಟುಕು ಜೀವ ಮಾತ್ರ ಉಳಿದಿತ್ತು. ತೋರಿಸಿದಾಗ ಅವರ ಮುಖ ಅರಳಿದ್ದನ್ನು ನಾನು ಈಗಲೂ ಮರೆತಿಲ್ಲ. ಜೀಪಿನಿಂದ ತೆಗೆದ ಹೊಸದನ್ನೇ ಹಾಕಿದೆ. ತಾಳ ಟಿಣ್ ಟಿಣ್ ಎಂದಿತು. ಅವರು ಕಣ್ಣುಮುಚ್ಚಿ ಅರ್ಧ ಹಾಡು ಕೇಳಿದರು.

“ಇಲ್ಲ.”

“ಡಬ್ಬಿ ಈಗ ಸರಿಯಾಗಿದೆ” ಎಂದೆ, ಒಂದೊಂದು ಪದವನ್ನೂ ಬಿಡಿಸಿ. ಉಳಿದ ಅರ್ಥವನ್ನು ಅವರೇ ಗ್ರಹಿಸಲಿ ಎಂಬುದು ನನ್ನ ಉದ್ದೇಶ. ಅವರು ಗ್ರಹಿಸಿದರು. ಟೇಪು ನಿಲ್ಲಿಸಿ, ನಿಧಾನವಾಗಿ ನನ್ನ ಕಡೆ ತಿರುಗಿದರು.

“ಅಂಗಾದ್ರೆ ಕ್ಯಾಸೆಟ್ ಕೆಟ್ಟಿರ್ಬೇಕು.”

ಮಾಲೀಕರ ಪರೀಕ್ಷೆ

ವಿಷಯ ತಿಳಿದ ಮಾಲೀಕರು ನನ್ನನ್ನು ಒಳಗೆ ಕರೆದು ಮೂರು ಭಾಷೆಗಳಲ್ಲಿಯೂ ಬೈದರು. ಗಿರಾಕಿಗೆ, ಅದರಲ್ಲೂ ಗಣಿಯವರಿಗೆ, ಹಾಗೆ ಮುಖಕ್ಕೆ ಹೊಡೆದಂತೆ ಹೇಳಬಾರದಂತೆ. “ಇನ್ನೊಂದು ಡಬ್ಬಿ ಆಕು. ನಾನೇ ಕೇಳಿ ನೋಡ್ತೀನಿ.”

ಮರುದಿನ ಎರಡನೆಯ ಡಬ್ಬಿ ಹಾಕಿದೆ, ಮೈಯೆಲ್ಲ ಉರಿಯುತ್ತಿರುವಾಗಲೇ. ಮಾಲೀಕರು ಕಾರಿನೊಳಗೆ ಕೂತು, ತಲೆ ಓರೆ ಮಾಡಿ, ತೊಡೆಯ ಮೇಲೆ ತಾಳ ಹಾಕಿದರು.

“ಬೆಳ್ಳಿ ಥರ ಬತ್ತಾ ಐತೆ ಅಣ್ಣಾ. ನಿಂಗೂ ಬಂತಾ?”

“ನಂಗೆ ಇಲ್ಲ.”

“ಬತ್ತದೆ. ಗಮನ ಕೊಡು.”

“ಗಮನ ಕೊಟ್ಟೆ. ಇಲ್ಲ.”

ಆಗ ನನ್ನ ದೃಷ್ಟಿ ನನ್ನ ಎಡಗೈ ಮೇಲೆ ಬಿತ್ತು. ಟ್ವೀಟರಿನ ವೈರು ಅದರಲ್ಲಿಯೇ ಇತ್ತು. ಕೋಪದ ಭರದಲ್ಲಿ ಜೋಡಿಸುವುದನ್ನೇ ಮರೆತಿದ್ದೆ.

ಸದ್ದಿಲ್ಲದೆ ಜೋಡಿಸಿ ಕಾರನ್ನು ಕಳಿಸಿಕೊಟ್ಟು, ಆಮೇಲೆ ನಡೆದದ್ದನ್ನು ಮಾಲೀಕರಿಗೆ ತಿಳಿಸಿದೆ. ಅವರು ಸ್ಟೂಲಿನ ಮೇಲೆ ಕೂತರು. ಅವರೂ ಹನ್ನೊಂದು ವರ್ಷ ಬಂಡೆ ಕೊರೆಯುವ, ಕಿವಿ ತಿನ್ನುವ ಅದೇ ಯಂತ್ರ ಹಿಡಿದವರೆಂಬುದು ನನಗೆ ಅಂದೇ ಗೊತ್ತಾದದ್ದು.

“ಎಷ್ಟು ವರ್ಷದಿಂದ ಹೀಗೆ?” ಎಂದು ಕೇಳಿದೆ.

“ಅಂಗಡಿ ತೆಗ್ದಾಗ್ಲಿಂದ. ಒರಗಡೆ ಬೋರ್ಡಲ್ಲಿ ಏನ್ ಬರ್ದೈತೆ ಓದಿದ್ದೀಯಾ?”

ಓದಿದ್ದೆ. ‘ಪ್ರತಿಯೊಂದು ಕೆಲಸವನ್ನೂ ಮಾಲೀಕರೇ ಖುದ್ದಾಗಿ ಕೇಳಿ ಪರೀಕ್ಷಿಸಿದ ನಂತರವೇ ಕೊಡಲಾಗುವುದು.’

ಬೋರ್ಡನ್ನು ಅಳಿಸುವುದು ಬೇಡವೆಂದು ತೀರ್ಮಾನವಾಯಿತು. ಅಂದಿನಿಂದ ಮಾಲೀಕರು ಕಾರಿನೊಳಗೆ ಕೂತು ಕೇಳುವುದು, ನಾನು ಗಿರಾಕಿಯ ಬೆನ್ನ ಹಿಂದೆ ನಿಂತು ತಲೆಯಾಡಿಸುವುದು. ಮೇಲೆ ಕೆಳಗೆ ಆಡಿಸಿದರೆ ಕೆಲಸ ಸರಿ, ಅಡ್ಡಡ್ಡ ಆಡಿಸಿದರೆ ತಪ್ಪು. ಏರ್ಪಾಡು ಚೆನ್ನಾಗಿಯೇ ನಡೆಯಿತು. ಒಂದು ದಿನ ಮಾತ್ರ ನನ್ನ ಕಿವಿಯ ಹತ್ತಿರ ನೊಣವೊಂದು ಬಂತು. ಆಗಷ್ಟೇ ಹಾಕಿದ, ಯಾವ ದೋಷವೂ ಇಲ್ಲದ ಡಬ್ಬಿಯನ್ನು ಮಾಲೀಕರು, “ಇದು ಸರಿಯಿಲ್ಲ, ನನ್ನ ಕಿವಿಗೆ ಗೊತ್ತಾಗ್ತದೆ” ಎಂದು ಕಿತ್ತುಹಾಕಿಸಿದರು.

ಗಂಟೆಯ ನಿಯಮ

ಇಷ್ಟಾದ ಮೇಲೆ ನಾನು ಚಾಲಕರನ್ನು ಕರೆಸಿ, ಬೇಕಾದ ಕಂಪನದ ಶಬ್ದ ಹೊರಡಿಸುವ, ಅಂಗಡಿಯಲ್ಲಿದ್ದ ಹಳೆಯ ಸಿಗ್ನಲ್ ಜನರೇಟರಿನಿಂದ ಅವರ ಕಿವಿಯನ್ನೇ ಅಳೆದೆ. ಮಾತು, ಹಾರ್ನು, ಸೈಕಲ್ ಗಂಟೆ ಎಲ್ಲವೂ ಅವರಿಗೆ ನಿಚ್ಚಳವಾಗಿ ಕೇಳಿಸುತ್ತಿತ್ತು. ಬೀದಿಯ ಆ ಬದಿಯಲ್ಲಿ ನಿಂತು ಸಾಮಾನ್ಯ ದನಿಯಲ್ಲಿ ಹೆಸರು ಕರೆದರೂ ತಿರುಗುತ್ತಿದ್ದರು. ಆದರೆ ಮೂರು ಸಾವಿರ ಕಂಪನಕ್ಕೆ ಅವರ ಲೋಕ ಮುಗಿಯುತ್ತಿತ್ತು. ನನ್ನ ಡಬ್ಬಿಯ ಟ್ವೀಟರಿನ ಲೋಕ ನಾಲ್ಕು ಸಾವಿರಕ್ಕೆ ಶುರುವಾಗುತ್ತಿತ್ತು. ನಡುವೆ ಒಂದು ಸಾವಿರದ ಕಂದಕ.

“ಗಾಡಿ ಓಡಿಸೋಕೆ ಸಾಕಾಗೋಷ್ಟು ಐತಾ?” ಎಂದರು.

“ಬೇಕಾದಷ್ಟಿದೆ.”

“ಡಾಕ್ಟ್ರಿಗೆ?”

ಅದು ನಮಗೂ ತಿಳಿಯದು. ಬಂಗಾರಪೇಟೆಯ ಆ ವೈದ್ಯರು ತಮ್ಮ ಕೈಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು ಟಿಕ್ ಟಿಕ್ ಕೇಳಿಸಿತೇ ಎಂದು ವಿಚಾರಿಸುತ್ತಾರೆಂಬುದು ಚಾಲಕರ ವಲಯದಲ್ಲಿ ಪ್ರಸಿದ್ಧವಾಗಿತ್ತು. ಟಿಕ್ ಟಿಕ್ ಎಂಬುದು ಕಂದಕದ ಆಚೆಯ ದಡದ ಶಬ್ದ. ಮಾಲೀಕರು ತಮ್ಮ ಗಡಿಯಾರ ಬಿಚ್ಚಿ ತರಬೇತಿ ಆರಂಭಿಸಿದರು.

“ಕೇಳ್ತಾ?”

“ಇಲ್ಲ.”

“ಕೇಳ್ತು ಅನ್ನು.”

“ಕೇಳ್ಲಿಲ್ವಲ್ಲ.”

“ಗೊತ್ತು. ಆದ್ರೂ ಅನ್ನು.”

“ಅಂಗನ್ನೋಕಾಗಲ್ಲ ಕಣೋ. ನಾಲ್ಕು ವರ್ಷ ಗಂಟೆ ಕಾದೋನು ನಾನು. ಗಂಟೆ ಕೇಳ್ದಿದ್ರೆ ಕೇಳ್ಲಿಲ್ಲ ಅನ್ಬೇಕು. ಕೇಳಿರ್ಬೋದು ಅಂತ ನೀನಂದ್ರೆ ಕೇಜು ಆ ‘ಬೋದು’ ಕಡೇಗೇ ಓಗ್ತದೆ, ಹದಿನಾರು ಜನಾನೂ ಕರ್ಕೊಂಡು.”

“ಡಾಕ್ಟ್ರ ರೂಮಲ್ಲಿ ಕೇಜಿಲ್ಲ ಅಣ್ಣಾ. ನೀನೊಬ್ನೇ ಇರೋದು.”

“ನಾನು ಒಬ್ನೇ ಅಂತ ಲೆಕ್ಕ ಇಲ್ವಾ?”

ಸುಳ್ಳನ್ನು ಕಂಡರೆ ಸಿಡಿಯುವ ನಾನು ಆ ದಿನಗಳಲ್ಲಿ ಸುಳ್ಳಿನ ಪರವಾಗಿ ವಾದಿಸಿದೆನೆಂದು ಇಲ್ಲಿ ದಾಖಲಿಸುತ್ತೇನೆ. ಕಾರು ನಿಂತರೆ ಆ ಮನುಷ್ಯ ನಿಲ್ಲುತ್ತಾರೆಂಬುದು ನನಗೆ ಅಷ್ಟರಲ್ಲಿ ಅರ್ಥವಾಗಿತ್ತು. ಅರ್ಜಿ ಬರೆದು ಕಾಯುವುದೆಂದರೇನೆಂದು ತಿಳಿದವನಿಗೆ ಅಷ್ಟಾದರೂ ಅರ್ಥವಾಗಬೇಕು. ಮೂರು ದಿನ ಇಬ್ಬರೂ ಸೇರಿ ಒತ್ತಾಯಿಸಿದೆವು. ಮೂರನೆಯ ದಿನ ಸಂಜೆ ಅವರು ಕಣ್ಣು ಬಿಗಿಯಾಗಿ ಮುಚ್ಚಿ, ಸ್ಪಷ್ಟವಾಗಿ ಹೇಳಿದರು: “ಕೇಳ್ತು.”

ಮಾಲೀಕರು ಅಷ್ಟರಲ್ಲಿ ಗಡಿಯಾರವನ್ನು ಜೇಬಿನಿಂದ ಇನ್ನೂ ತೆಗೆದಿರಲಿಲ್ಲ.

ವೈದ್ಯರ ಗಡಿಯಾರ

ಪರೀಕ್ಷೆಯ ದಿನ ಜೊತೆಗೆ ಬರಬೇಕೆಂದು ಅವರು ಕೇಳಿಕೊಂಡರು. ನನ್ನದೇ ಊರು, ನಿರಾಕರಿಸಲು ಕಾರಣ ಸಿಗಲಿಲ್ಲ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನಾವು ತಲುಪಿದಾಗ ಹೊರಗಿನ ಬೆಂಚುಗಳ ಮೇಲೆ ಹನ್ನೊಂದು ಚಾಲಕರು ಕೂತಿದ್ದರು. ಎಲ್ಲರದೂ ಪರೀಕ್ಷೆ ಮುಗಿದಿತ್ತು; ಮೊಹರು ಹಾಕುವ ಕಾಂಪೌಂಡರ್ ಊಟಕ್ಕೆ ಹೋಗಿದ್ದರಿಂದ ಕಾಯುತ್ತಿದ್ದರು.

ವೈದ್ಯರು ವೃದ್ಧರು, ಸೌಮ್ಯರು. ಚಾಲಕರನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ನಿಂತು, ಗಡಿಯಾರವನ್ನು ಬಲಗಿವಿಯ ಬಳಿ ಹಿಡಿದರು.

“ಕೇಳಿಸ್ತಾ?”

ನಾನು ಚಾಲಕರ ಮುಖವನ್ನೇ ನೋಡುತ್ತಿದ್ದೆ. ತುಟಿ ‘ಕೇ’ ಎಂಬ ಆಕಾರಕ್ಕೆ ಬಂತು. ಅಲ್ಲಿಯೇ ನಿಂತಿತು. ನಾಲ್ಕು ವರ್ಷದ ಗಂಟೆ, ಮೂರು ದಿನದ ತರಬೇತಿ, ಎರಡೂ ಅಲ್ಲಿ ಗುದ್ದಾಡುತ್ತಿದ್ದವು.

“ಇಲ್ಲ ಸಾರ್.”

ಎಡಗಿವಿ. “ಈಗ?”

“ಇಲ್ಲ ಸಾರ್.”

ಗಡಿಯಾರ ಕಿವಿಗೇ ತಾಗಿತು.

“ಇಲ್ಲ ಸಾರ್” ಎಂದು, ನನ್ನ ಕಡೆ ಕ್ಷಮೆ ಕೇಳುವವರಂತೆ ನೋಡಿದರು. ನಾನು ನೆಲ ನೋಡಿದೆ. ಆ ನೆಲದ ಮೇಲೆ ಯಾವ ಸೂತ್ರವೂ ಇರಲಿಲ್ಲ.

ವೈದ್ಯರು ಹುಬ್ಬು ಗಂಟಿಕ್ಕಿ ಗಡಿಯಾರವನ್ನು ತಮ್ಮ ಕಿವಿಗೆ ಹಿಡಿದರು. ಕುಲುಕಿದರು. ಮತ್ತೆ ಹಿಡಿದರು. ಕೊನೆಗೆ ಕನ್ನಡಕ ಹಾಕಿಕೊಂಡು ಮುಳ್ಳು ನೋಡಿದರು. ಒಂಬತ್ತೂ ಹತ್ತು. ಕೀಲಿ ಕೊಡಲು ಮರೆತಿದ್ದರು. ಗಡಿಯಾರ ಬೆಳಗ್ಗೆ ಪರೀಕ್ಷೆಗಳು ಶುರುವಾಗುವ ಮೊದಲೇ ನಿಂತಿತ್ತು.

ಆಮೇಲೆ ಅವರು ಚಾಲಕರನ್ನು ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಇನ್ನೊಂದು ಮೂಲೆಯಿಂದ ಮೆಲುದನಿಯಲ್ಲಿ ಊರು, ವಯಸ್ಸು, ಮಕ್ಕಳೆಷ್ಟು ಎಂದು ಕೇಳಿದರು. ಎಲ್ಲಕ್ಕೂ ಉತ್ತರ ಬಂತು. ಹೊರಗೆ ಹಾರ್ನೊಂದು ಕೂಗಿದಾಗ, “ಕೋಲಾರದ ಬಸ್ಸು ಸಾರ್, ಗಂಟಲು ಕಟ್ಟೈತೆ ಅದಕ್ಕೆ” ಎಂದು ಕೇಳದೆಯೇ ಹೇಳಿದರು. ವೈದ್ಯರು ಸಹಿ ಹಾಕಿದರು. ಗಡಿಯಾರ ನಡೆಯುತ್ತಿದ್ದರೂ ಚಾಲಕರ ಉತ್ತರ ಅದೇ ಆಗಿರುತ್ತಿತ್ತೆಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಯಾರೂ ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.

ಬಳಿಕ ವೈದ್ಯರು ಬಾಗಿಲು ತೆರೆದು ಆ ಹನ್ನೊಂದು ಜನರನ್ನೂ ಒಳಗೆ ಕರೆದು, ಗಡಿಯಾರವನ್ನು ಎತ್ತಿ ಹಿಡಿದು, ಶಾಂತವಾಗಿ ಕೇಳಿದರು: “ಬೆಳಗ್ಗೆಯಿಂದ ನಿಮಗೆಲ್ಲ ಕೇಳಿಸಿದ್ದು ಏನು?”

ಹತ್ತು ಜನ ತಲೆ ತಗ್ಗಿಸಿದರು. ಹನ್ನೊಂದನೆಯವನಾದ ಲಾರಿ ಚಾಲಕ ಮಾತ್ರ ಧೈರ್ಯಗೆಡಲಿಲ್ಲ. “ನಂಗೆ ಸಣ್ಣಗೆ ಕೇಳ್ತು ಸಾರ್. ಆವಾಗ್ಲೇ ಅನ್ಕೊಂಡೆ, ಕೀಲಿ ಕಮ್ಮಿ ಐತೆ ಅಂತ.”

ಮೂರನೆಯ ಡಬ್ಬಿ

ಪತ್ರಕ್ಕೆ ಮೊಹರು ಬಿದ್ದೊಡನೆ ಚಾಲಕರು ನನ್ನನ್ನು ಕೂರಿಸಿಕೊಂಡು ನೇರವಾಗಿ ಆಂಡರ್ಸನ್‌ಪೇಟೆಗೆ ಬಂದರು. ಅಂಗಡಿಯ ಮುಂದೆ ಇಳಿದು, ಪತ್ರವನ್ನು ಮಾಲೀಕರ ಮೇಜಿನ ಮೇಲೆ ಹರಡಿ, ಬೆರಳಿಟ್ಟು ತೋರಿಸಿದರು.

“ನೋಡು. ಡಾಕ್ಟ್ರೇ ಬರ್ದವ್ರೆ. ಕಿವಿ ಸರಿ ಐತೆ.”

“ಸಂತೋಷ ಅಣ್ಣಾ.”

“ಕಿವಿ ಸರಿ ಐತೆ ಅಂದ್ಮೇಲೆ ಡಬ್ಬಿದೇ ತಪ್ಪು ತಾನೆ? ಬದಲಾಯ್ಸು.”

ಮಾಲೀಕರು ನನ್ನ ಮುಖ ನೋಡಿದರು. ವಾದಿಸಲು ನನ್ನ ಬಳಿ ಸೂತ್ರವಿತ್ತು, ಅಳತೆಯಿತ್ತು, ಪ್ರಥಮ ದರ್ಜೆಯಿತ್ತು. ಅವರ ಬಳಿ ಮೊಹರು ಬಿದ್ದ ಪತ್ರವಿತ್ತು. ನಾನು ಸ್ಪ್ಯಾನರ್ ಎತ್ತಿಕೊಂಡೆ.

ಪುಸ್ತಕದ ಪ್ರಕಾರ ಆ ಟ್ವೀಟರಿಗೆ ಹತ್ತು ಮೈಕ್ರೋಫ್ಯಾರಡ್. ನಾನು ಇಪ್ಪತ್ತರದು ಹಾಕಿದೆ. ಆಗ ಅದರ ಪಾಳಿ ನಾಲ್ಕು ಸಾವಿರಕ್ಕೆ ಬದಲು ಎರಡು ಸಾವಿರದಿಂದಲೇ ಶುರುವಾಗುತ್ತದೆ. ಟ್ವೀಟರನ್ನೂ ಹಿಂದಿನಿಂದ ಕಿತ್ತು ಚಾಲಕರ ತಲೆಯ ಪಕ್ಕದ ಬಾಗಿಲ ಕಂಬಕ್ಕೆ ಸ್ಕ್ರೂ ಹಾಕಿ ಕೂರಿಸಿದೆ. ತಾಂತ್ರಿಕವಾಗಿ ಇದು ತಪ್ಪು. ಯಾವ ಪರೀಕ್ಷಕನೂ ಇದಕ್ಕೆ ಅಂಕ ಕೊಡುವುದಿಲ್ಲ. ಮನುಷ್ಯ ಪುಸ್ತಕದ ಕಡೆಗೆ ಬರಲಾರದಿದ್ದಾಗ ಪುಸ್ತಕವೇ ಎರಡು ಹೆಜ್ಜೆ ಇಳಿದು ಬರಬಹುದೆಂದು ನನಗೆ ಮೊದಲ ಡಬ್ಬಿಯ ದಿನವೇ ತೋಚಬೇಕಿತ್ತು. ತೋಚಲಿಲ್ಲ. ನಾನು ಸರಿಯಾಗಿರುವುದರಲ್ಲಿ ನಿರತನಾಗಿದ್ದೆ.

ಟೇಪು ಹಚ್ಚಿದೆ. ಮದ್ದಳೆ ಬಂತು, ಹಾರ್ಮೋನಿಯಂ ಬಂತು. ತಾಳ ಬಂತು; ನನ್ನ ಕಿವಿಗೆ ತಗಡು ಬಡಿದಷ್ಟು ಒರಟಾಗಿ. ಚಾಲಕರು ಕಣ್ಣುಮುಚ್ಚಿದರು. ಅವರ ಬಲಗೈಯ ಎರಡು ಬೆರಳು ಸ್ಟೀರಿಂಗಿನ ಮೇಲೆ ತಾವಾಗಿಯೇ ಆಡತೊಡಗಿದವು, ಟೇಪಿನ ತಾಳಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಮಾಲೀಕರು ಬಾಗಿಲಿಗೆ ಒರಗಿ ನಿಂತಿದ್ದವರು ನನ್ನ ತಲೆಯ ಕಡೆ ನೋಡಲೇ ಇಲ್ಲ. “ತಂಬಿ, ನಂಗೂ ಕೇಳ್ತಾ ಐತೆ” ಎಂದರು, ಮೆಲ್ಲಗೆ.

“ಬಂದೆ ನೋಡು” ಎಂದರು ಚಾಲಕರು, ಕಣ್ಣು ತೆರೆಯದೆ. “ನಾನು ಬಂದೆ. ಮೊದ್ಲೇ ಅಂದಿರ್ಲಿಲ್ವಾ ಬಿ.ಎಸ್ಸಿ., ಡಬ್ಬಿದೇ ತಪ್ಪು ಅಂತ?”

“ಹೌದು” ಎಂದೆ. “ಡಬ್ಬಿಯದೇ ತಪ್ಪು.”

ಎರಡನೆಯ ಹಾಡು ಶುರುವಾಯಿತು. ಮೂರನೆಯ ಚರಣದಲ್ಲಿ ಅವರ ಬೆರಳು ತಟ್ಟನೆ ನಿಂತವು. ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಇನ್ನೊಮ್ಮೆ ಕೇಳಿದರು. ಸಂಶಯವೇ ಇರಲಿಲ್ಲ; ಮೂವರಿಗೂ ಕೇಳಿಸಿತು. ಅಲ್ಲಿ ತಾಳದ ಏಟೊಂದು ಪೂರ್ತಿಯಾಗಿ ತಪ್ಪಿತ್ತು.

ತಾಳ ಹಾಕಿದವರು ಯಾರೆಂದು ಕೇಳುವಷ್ಟು ಕ್ರೂರಿ ನಾನಾಗಿರಲಿಲ್ಲ, ಮಾಲೀಕರಂತೂ ಅಲ್ಲವೇ ಅಲ್ಲ. ಚಾಲಕರು ಎಂಜಿನ್ ಚಾಲೂ ಮಾಡಿ, ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಹಿಂದಿನ ಸೀಟಿನ ಕಡೆ ಒಮ್ಮೆ ತಿರುಗಿ ಡಬ್ಬಿಯನ್ನು ನೋಡಿ, ನಿಟ್ಟುಸಿರು ಬಿಟ್ಟರು.

“ಇದೂ ಅಷ್ಟೇ ಕಣಪ್ಪಾ. ಈಗ್ಲೇ ಒಂದು ಏಟು ನುಂಗ್ತಾ ಐತೆ.”